ಶ್ರದ್ಧಾಂಜಲಿ ಸಭೆಯ ಹೊಗಳಿಕೆಯೇ ನಮ್ಮ ದೂರು

ರಕ್ತದಾನಿಗಳ ಸಂಘದ ಅಧ್ಯಕ್ಷರು, ಕಾರ್ಯದರ್ಶಿಗಳು ಹಾಗೂ ಆಡಳಿತ ಮಂಡಳಿಯ ಎಲ್ಲ ಸದಸ್ಯರಿಗೆ,

ಮಾನ್ಯರೇ,

ಶಿಬಿರ ಮುಗಿದ ಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ಹುಡುಗ ನಿಂತಲ್ಲೇ ಕುಸಿದ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವನಿಗೆ 24 ವರ್ಷ. ಅವನ ಹೆಸರು, ಫೋಟೊ ಈಗಾಗಲೇ ಬೇಕಾದಷ್ಟು ಕಡೆ ಓಡಾಡಿವೆ. ಈ ಪತ್ರದಲ್ಲಿ ಹೆಸರು ಬೇಡವೆಂಬುದು ಮನೆಯವರ ಇಚ್ಛೆ. ಯಾರ ವಿಷಯ ಎಂಬುದು ನಿಮಗೆ ಗೊತ್ತೇ ಇದೆ.

ಶ್ರದ್ಧಾಂಜಲಿ ಸಭೆಯಲ್ಲಿ ನಿಮ್ಮಲ್ಲಿ ಹಲವರು ಮಾತಾಡಿದಿರಿ. ‘ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೂ ಎತ್ತುತ್ತಿದ್ದ.’ ‘ಅವನೊಬ್ಬ ಇದ್ದರೆ ಹತ್ತು ಜನ ಇದ್ದ ಹಾಗೆ.’ ‘ದಾನಿಗಳ ಪಟ್ಟಿಯೆಲ್ಲ ಅವನ ತಲೆಯಲ್ಲೇ ಇತ್ತು.’ ‘ಖರ್ಚಿಗೆ ಕೇಳಿದವನೇ ಅಲ್ಲ.’ ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಅದೇ ಮಾತುಗಳನ್ನು ಸ್ವಲ್ಪ ತಿರುಗಿಸಿ ಓದಿ ನೋಡಿ. ರಾತ್ರಿ ಫೋನ್ ಎತ್ತಲು ಸಂಘದಲ್ಲಿ ಸರದಿ ಇರಲಿಲ್ಲ. ಹತ್ತು ಜನರ ಕೆಲಸಕ್ಕೆ ಹತ್ತು ಜನ ಇರಲಿಲ್ಲ. ದಾನಿಗಳ ಪಟ್ಟಿ ಸಂಘದ ಕೈಯಲ್ಲಿ ಇರಲಿಲ್ಲ. ಅವನ ಕೈಯಿಂದ ಹೋದ ದುಡ್ಡು ಸಂಘದ ಲೆಕ್ಕದ ಪುಸ್ತಕ ಸೇರಲಿಲ್ಲ. ನೀವು ಹೊಗಳಿದ್ದನ್ನೇ ನಾವು ಇಲ್ಲಿ ದೂರಾಗಿ ಬರೆಯುತ್ತಿದ್ದೇವೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ದುಡಿಮೆಯೇ ಅವನನ್ನು ಕೊಂದಿತು ಎಂದು ನಾವು ಹೇಳುತ್ತಿಲ್ಲ. ಅದನ್ನು ಹೇಳಬೇಕಾದವರು ವೈದ್ಯರು, ಕೇಳಬೇಕಾದವರು ಮನೆಯವರು. ನಾವು ಹೇಳುತ್ತಿರುವುದು ಅವನು ಬಿದ್ದ ಮೊದಲ ಹತ್ತು ನಿಮಿಷದ ಬಗ್ಗೆ, ಆಮೇಲೆ ಈ ವಾರಗಳಲ್ಲಿ ಸಂಘ ನಡೆದುಕೊಂಡ ರೀತಿಯ ಬಗ್ಗೆ, ಈಗ ನೀವು ಹಾಕಿಕೊಂಡಿರುವ ಸ್ಮರಣೆಯ ಯೋಜನೆಗಳ ಬಗ್ಗೆ.

ಮೊದಲು ಆ ಹತ್ತು ನಿಮಿಷ. ಬಿದ್ದ ಕೂಡಲೇ ಅವನ ಕೈಕಾಲು ಕೆಲವು ಕ್ಷಣ ಅದುರಿದವು. ‘ಫಿಟ್ಸ್’ ಎಂದು ಯಾರೋ ಕೂಗಿದರು, ಇಬ್ಬರು ಕೈಕಾಲು ಅದುಮಿ ಹಿಡಿದರು. ಅದುರುವುದು ನಿಂತಾಗ ‘ತಲೆಸುತ್ತು ಇರಬೇಕು’ ಎಂದು ಕಾಲುಗಳನ್ನು ಎತ್ತಿ ಕುರ್ಚಿಯ ಮೇಲಿಟ್ಟರು, ಮುಖಕ್ಕೆ ನೀರು ಚಿಮುಕಿಸಿದರು. ಆಗ ಗೊರಕೆಯಂಥ ಒಂದು ಉಸಿರು ಬಂತು. ಬಹಳ ಹೊತ್ತು ಬಿಟ್ಟು ಇನ್ನೊಂದು. ‘ಉಸಿರಾಡುತ್ತಿದ್ದಾನೆ, ಗಾಳಿ ಬಿಡಿ’ ಎಂದು ಎಲ್ಲರೂ ಹಿಂದೆ ಸರಿದರು. ಎದೆ ಒತ್ತಲು ಶುರು ಮಾಡುವಷ್ಟರಲ್ಲಿ ಏಳೆಂಟು ನಿಮಿಷ ಕಳೆದಿತ್ತು.

ಅಲ್ಲಿದ್ದ ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಅವರು ಮಾಡಿದ್ದು ಸಂಘವೇ ಕಲಿಸಿದ್ದನ್ನು. ರಕ್ತದಾನ ಶಿಬಿರದಲ್ಲಿ ಜನ ಬೀಳುವುದು ಹೊಸದಲ್ಲ. ಸೂಜಿ ಕಂಡು, ಹೊಟ್ಟೆ ಖಾಲಿಯಿದ್ದು, ರಕ್ತ ಕೊಟ್ಟು ಎದ್ದ ಕೂಡಲೇ ನಡೆದು ತಲೆಸುತ್ತಿ ಬೀಳುವ ದಾನಿಗಳನ್ನು ನಮ್ಮ ಸ್ವಯಂಸೇವಕರು ಸಾಕಷ್ಟು ನೋಡಿದ್ದಾರೆ. ಮಲಗಿಸು, ಕಾಲು ಎತ್ತು, ಬಟ್ಟೆ ಸಡಿಲಿಸು, ಒಂದೆರಡು ನಿಮಿಷ ಕಾಯಿ: ಇಷ್ಟು ಅವರ ಕೈಗೆ ಪಳಗಿಬಿಟ್ಟಿದೆ. ತಲೆಸುತ್ತಿಗೆ ಅದು ಸರಿಯಾದ ಉಪಚಾರವೇ. ಹೃದಯ ನಿಂತವನಿಗೆ ಮಾತ್ರ ಆ ‘ಒಂದೆರಡು ನಿಮಿಷ ಕಾಯಿ’ ಎಂಬುದೇ ಮುಳುವು. ಅನುಭವಸ್ಥರಿರುವ ಜಾಗದಲ್ಲೇ ತಡವಾದದ್ದಕ್ಕೆ ಕಾರಣ ಇದು. ತರಬೇತಿಯ ಕೈಪಿಡಿಯಲ್ಲಿ ಮೊದಲ ತಿದ್ದುಪಡಿ ಆಗಬೇಕಾದದ್ದೂ ಇಲ್ಲೇ.

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಆಘಾತವೆಂದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು. ಅಂಥವರು ಎದೆನೋವು ಎಂದು ಹೇಳಬಲ್ಲರು, ಎಷ್ಟೋ ಸಲ ನಡೆದುಕೊಂಡೇ ಆಸ್ಪತ್ರೆಗೆ ಬರುತ್ತಾರೆ. ಸ್ತಂಭನದಲ್ಲಿ ಕೆಡುವುದು ಹೃದಯದ ವಿದ್ಯುತ್ ಲಯ. ಮಾಂಸಖಂಡ ಗಡಗಡ ನಡುಗುತ್ತಿರುತ್ತದೆ, ರಕ್ತ ಮಾತ್ರ ಮುಂದೆ ಹೋಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಮಿದುಳಿಗೆ ರಕ್ತ ನಿಂತದ್ದರಿಂದ ಮೈ ಅದುರಬಹುದು. ಅದು ಮೂರ್ಛೆರೋಗದ ಹಾಗೆ ಕಾಣುತ್ತದೆ. ಮಿದುಳಿನ ಬುಡ ಇನ್ನೂ ಪೂರ್ತಿ ಆರದೆ ಇರುವುದರಿಂದ ನಡುನಡುವೆ ಗೊರಕೆಯಂಥ, ಬಿಕ್ಕಿದಂಥ ಉಸಿರು ಬರುತ್ತದೆ. ಅದನ್ನು ಉಸಿರಾಟವೆಂದು ಲೆಕ್ಕಕ್ಕೆ ಹಿಡಿಯಬಾರದು. ತಲೆಸುತ್ತಿ ಬಿದ್ದವನ ಎದೆ ಒಂದೇ ಸಮ ಏರಿಳಿಯುತ್ತಿರುತ್ತದೆ, ಅವನು ಬೇಗ ಕಣ್ಣು ಬಿಡುತ್ತಾನೆ. ಹಾಗಾಗಿ ಪರೀಕ್ಷೆ ಎರಡೇ. ಭುಜ ತಟ್ಟಿ ಜೋರಾಗಿ ಕರೆದರೆ ಓಗೊಡುತ್ತಾನೆಯೇ? ಉಸಿರಾಟ ಸಹಜವಾಗಿದೆಯೇ? ಎರಡಕ್ಕೂ ‘ಇಲ್ಲ’ ಎಂದಾದರೆ ಒತ್ತಲು ಶುರು ಮಾಡಬೇಕು. ಇದಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ನಾಡಿ ಹುಡುಕುತ್ತ ಕೂರಬೇಡಿ. ಕಲಿಯದ ಬೆರಳಿಗೆ ತನ್ನದೇ ನಾಡಿ ಬಡಿದದ್ದು ಅವನದೆಂದು ಭ್ರಮೆಯಾಗುತ್ತದೆ.

ಒತ್ತುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇವೆ. ಈ ಪತ್ರದಲ್ಲಿ ಬೇರೇನನ್ನು ಒಪ್ಪದಿದ್ದರೂ ಇಷ್ಟನ್ನಾದರೂ ಶಿಬಿರದ ಗೋಡೆಗೆ ಅಂಟಿಸಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಬೇಕು. ರಕ್ತ ತೆಗೆಯುವ ಮೆತ್ತನೆ ಮಂಚದ ಮೇಲಿದ್ದರೆ ನೆಲಕ್ಕಿಳಿಸಬೇಕು, ಇಲ್ಲದಿದ್ದರೆ ಒತ್ತಿದ್ದೆಲ್ಲ ಹಾಸಿಗೆಗೆ ಹೋಗುತ್ತದೆ. ಎದೆಯ ನಟ್ಟನಡುವೆ, ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚದೆ, ಭುಜ ನೇರ ಮೇಲಿರುವಂತೆ ಬಾಗಿ, ಮೈಭಾರ ಹಾಕಿ ಒತ್ತಬೇಕು. ಆಳ 5ರಿಂದ 6 ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಆಗಲೇ ಹೃದಯಕ್ಕೆ ಮತ್ತೆ ರಕ್ತ ತುಂಬುವುದು. ಸುಸ್ತಾದವರು ಕೈಯನ್ನು ಎದೆಗೇ ಊರಿಬಿಡುತ್ತಾರೆ. ಹೆಚ್ಚು ಜನ ತಪ್ಪುವುದು ಇಲ್ಲಿ. ಆದ್ದರಿಂದ ‘ನನಗೆ ಸುಸ್ತಿಲ್ಲ’ ಎಂದರೂ 2 ನಿಮಿಷಕ್ಕೊಮ್ಮೆ ಕೈ ಬದಲಾಗಲೇಬೇಕು. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಕಲಿತವರಿದ್ದರೆ 30 ಒತ್ತಿಗೆ 2 ಉಸಿರು. ಕಲಿಯದವರು ಬರೀ ಒತ್ತುತ್ತ ಹೋದರೆ ಸಾಕು. ಪಕ್ಕೆಲುಬು ಲಟಕ್ಕೆನ್ನಬಹುದು. ಎಲುಬು ಕೂಡಿಕೊಳ್ಳುತ್ತದೆ, ನಿಲ್ಲಿಸಬೇಡಿ. ಬಿದ್ದವರು ಹೆಂಗಸಾದರೆ ಸುತ್ತ ನಿಂತವರು ಎದೆ ಮುಟ್ಟಲು ಹಿಂಜರಿಯುತ್ತಾರೆ, ಅವರಿಗೆ ಈ ನೆರವು ಸಿಗುವುದೇ ಕಡಿಮೆ. ತರಬೇತಿ ಕೊಡುವವರು ಈ ಮಾತನ್ನು ಸಂಕೋಚಪಡದೆ ಬಾಯಿಬಿಟ್ಟು ಹೇಳಬೇಕು.

ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೆ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆ ಎನ್ನುತ್ತದೆ ವೈದ್ಯಕೀಯ ಲೆಕ್ಕ. ಏಳೆಂಟು ನಿಮಿಷ ಎಂದರೆ ಏನೆಂದು ನೀವೇ ಲೆಕ್ಕ ಹಾಕಿ.

ಇನ್ನು ಎಇಡಿ, ಅಂದರೆ ಕೆಟ್ಟ ಹೃದಯದ ಲಯವನ್ನು ವಿದ್ಯುತ್ ಶಾಕ್ ಕೊಟ್ಟು ಸರಿಪಡಿಸುವ ಯಂತ್ರ. ನಾವು ಬಾಡಿಗೆಗೆ ಹಿಡಿದ ಆ ಸಭಾಂಗಣದಲ್ಲಿ ಅದು ಇತ್ತು. ಕಚೇರಿಯ ಕೋಣೆಯೊಳಗೆ, ಗಾಜಿನ ಕಪಾಟಿನಲ್ಲಿ. ಕೋಣೆಗೆ ಬೀಗ. ಬೀಗದ ಕೈ ಸಂಜೆ ಐದಕ್ಕೆ ಮನೆಗೆ ಹೋದವರ ಜೇಬಿನಲ್ಲಿ. ಬೆಳಿಗ್ಗೆ ಸಭಾಂಗಣ ವಹಿಸಿಕೊಂಡಾಗ ನಿಮ್ಮ ಶಿಬಿರದ ಪಟ್ಟಿಯಲ್ಲಿ ಬ್ಯಾನರ್, ಮೈಕು, ಕುರ್ಚಿ, ಪ್ರಮಾಣಪತ್ರ, ಅತಿಥಿಗಳಿಗೆ ಹಾರ ಎಲ್ಲವಕ್ಕೂ ಗುರುತು ಬಿದ್ದಿತ್ತು. ‘ಎಇಡಿ ಎಲ್ಲಿದೆ, ಬೀಗ ತೆಗೆದಿದೆಯೇ’ ಎಂಬ ಸಾಲು ಆ ಪಟ್ಟಿಯಲ್ಲೇ ಇರಲಿಲ್ಲ.

ಆ ಯಂತ್ರಕ್ಕೆ ಹೆದರಬೇಕಾದ್ದಿಲ್ಲ. ಗುಂಡಿ ಒತ್ತಿದರೆ ಅದೇ ಬಾಯಿಬಿಟ್ಟು ಹೇಳಿಕೊಡುತ್ತದೆ. ಎರಡು ಪ್ಯಾಡ್, ಒಂದು ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕೆಯ ಮೇಲೆ. ಎದೆ ಬೆವರಿದ್ದರೆ ಒರೆಸಬೇಕು, ಕೂದಲು ದಟ್ಟವಾಗಿದ್ದರೆ ಆ ಜಾಗವನ್ನಷ್ಟೇ ಬೋಳಿಸಬೇಕು, ಇಲ್ಲದಿದ್ದರೆ ಪ್ಯಾಡ್ ಹಿಡಿಯುವುದಿಲ್ಲ. ಅದಕ್ಕೇ ಯಂತ್ರದ ಚೀಲದಲ್ಲಿ ಒಂದು ಬಟ್ಟೆ, ಒಂದು ರೇಜರ್, ಬಟ್ಟೆ ಕತ್ತರಿಸುವ ಕತ್ತರಿ ಇಡುವುದು. ಲಯವನ್ನು ಯಂತ್ರವೇ ಓದುತ್ತದೆ. ಶಾಕ್ ಬೇಡದವನಿಗೆ ಶಾಕ್ ಕೊಡುವುದಿಲ್ಲ. ಕೊಟ್ಟ ಮರುಕ್ಷಣವೇ, ಎದ್ದನೇ ಎಂದು ನೋಡುತ್ತ ನಿಲ್ಲದೆ, ಮತ್ತೆ ಎದೆ ಒತ್ತಬೇಕು. ಯಂತ್ರಕ್ಕೂ ಆಯಸ್ಸಿದೆ: ಪ್ಯಾಡಿನ ಅಂಟು ಒಣಗುತ್ತದೆ, ಪೊಟ್ಟಣದ ಮೇಲೆ ಅವಧಿಯ ದಿನಾಂಕ ಇರುತ್ತದೆ, ಬ್ಯಾಟರಿ ಇಳಿಯುತ್ತದೆ. ಮೇಲಿನ ಪುಟ್ಟ ದೀಪ ಹಸಿರಿದೆಯೇ ಎಂದು ವಾರಕ್ಕೊಮ್ಮೆ ನೋಡಲು ಒಬ್ಬರನ್ನು ಗೊತ್ತುಮಾಡಬೇಕು. ‘ಎಲ್ಲರೂ ನೋಡಿಕೊಳ್ಳಿ’ ಎಂದರೆ ಯಾರೂ ನೋಡುವುದಿಲ್ಲ.

2021ರ ಜೂನ್ 12ರಂದು ಕೋಪನ್‌ಹೇಗನ್ನಿನಲ್ಲಿ ಡೆನ್ಮಾರ್ಕ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಫುಟ್‌ಬಾಲ್ ಪಂದ್ಯದ ನಡುವೆ ಹೀಗೇ ಕುಸಿದು ಬಿದ್ದದ್ದನ್ನು ಜಗತ್ತೇ ನೋಡಿತು. ಮೈದಾನದಲ್ಲೇ ಎದೆ ಒತ್ತಿದರು, ಅಲ್ಲೇ ಶಾಕ್ ಕೊಟ್ಟರು. ಎದೆಯೊಳಗೆ ಪುಟ್ಟ ಯಂತ್ರ ಕೂರಿಸಿಕೊಂಡು ಮರುವರ್ಷ ಅವರು ವಿಶ್ವಕಪ್ ಆಡಿದರು. 2003ರ ಜೂನ್ 26ರಂದು ಫ್ರಾನ್ಸಿನ ಲಿಯೋನ್ ಮೈದಾನದಲ್ಲಿ ಬಿದ್ದ ಕ್ಯಾಮರೂನಿನ ಮಾರ್ಕ್ ವಿವಿಯನ್ ಫೋ ಏಳಲಿಲ್ಲ. ಅವರಿಗೆ 28 ವರ್ಷ. ಎಲ್ಲ ಸರಿಯಾಗಿ ಮಾಡಿದರೂ ಎಲ್ಲರೂ ಬದುಕುವುದಿಲ್ಲ. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋಗುವವರು ಹತ್ತರಲ್ಲಿ ಒಬ್ಬರ ಆಸುಪಾಸು. ನಮ್ಮ ಹುಡುಗನ ಎದೆ ಒತ್ತಿದ ಮೂವರು ಹುಡುಗರಿಗೆ ಈ ಮಾತನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕಿತ್ತು. ಆಡಳಿತ ಮಂಡಳಿಯಿಂದ ಇವತ್ತಿನವರೆಗೆ ಯಾರೂ ಹೇಳಿಲ್ಲ. ಅವರಲ್ಲಿ ಒಬ್ಬ ಶಿಬಿರಕ್ಕೆ ಬರುವುದನ್ನೇ ಬಿಟ್ಟಿದ್ದಾನೆ. ತಾನು ಒತ್ತಿದಾಗ ಎಲುಬು ಮುರಿದದ್ದರಿಂದಲೇ ಹೀಗಾಯಿತೆಂದು ಅವನು ಇನ್ನೂ ಅಂದುಕೊಂಡಿದ್ದಾನೆ.

ತರಬೇತಿ ಮಾಡಿಸುತ್ತೇವೆ ಎಂದು ನೀವು ಸಭೆಯಲ್ಲಿ ಹೇಳಿದ್ದೀರಿ. ದಯವಿಟ್ಟು ಅದು ನೂರು ಜನರನ್ನು ಕೂರಿಸಿ ಪರದೆಯ ಮೇಲೆ ಚಿತ್ರ ತೋರಿಸಿ, ಕೊನೆಗೆ ಗುಂಪಾಗಿ ಫೋಟೊ ತೆಗೆಸುವ ಕಾರ್ಯಕ್ರಮ ಆಗದಿರಲಿ. ನಾಲ್ಕೈದು ಜನಕ್ಕೆ ಒಂದು ಬೊಂಬೆ, ಒಬ್ಬೊಬ್ಬರೂ ಪೂರ್ತಿ 2 ನಿಮಿಷ ಒತ್ತಿ ಬೆವರಬೇಕು. ಮೂರರಿಂದ ಆರು ತಿಂಗಳಲ್ಲಿ ಕೈ ಮರೆಯುತ್ತದೆ, ಮತ್ತೆ ಮಾಡಿಸಬೇಕು. ಆ ಬೊಂಬೆಯ ಕತೆಯೂ ಒಂದಿದೆ. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್ ಅದನ್ನು ಮಾಡುವಾಗ, ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಹೆಣವಾಗಿ ಸಿಕ್ಕವಳೆಂದು ಹೇಳಲಾಗುವ ಅನಾಮಿಕ ಹುಡುಗಿಯೊಬ್ಬಳ ಮುಖದ ಅಚ್ಚನ್ನು ಬಳಸಿದರು. ಜಗತ್ತಿನ ಲಕ್ಷಾಂತರ ಜನ ಜೀವ ಉಳಿಸಲು ಕಲಿತದ್ದು ಆ ಮುಖದ ಮುಂದೆ ಮೊಣಕಾಲೂರಿ. ಅವಳ ಹೆಸರು ಯಾರಿಗೂ ಗೊತ್ತಿಲ್ಲ.

ಎರಡನೆಯ ದೂರು, ಸಾವಿನ ಕಾರಣದ ಬಗ್ಗೆ ನಡೆದ ಹರಟೆ. ಅವನು ತೀರಿಕೊಂಡ ಸುದ್ದಿ ಅವನ ತಂಗಿಗೆ ತಲುಪಿದ್ದು ಸಂಘದ ಗ್ರೂಪಿನಲ್ಲಿ ಬಂದ ‘ಓಂ ಶಾಂತಿ’ಯಿಂದ. ಗಂಟೆಯೊಳಗೆ ಅದೇ ಗ್ರೂಪಿನಲ್ಲಿ ಲಸಿಕೆಯೋ, ಜಿಮ್ಮೋ, ಏನಾದರೂ ಚಟವೋ ಎಂಬ ಚರ್ಚೆ. ನಿಮ್ಮಲ್ಲಿ ಇಬ್ಬರು ಅದರಲ್ಲಿ ಸೇರಿಕೊಂಡಿರಿ. ಎಳೆಯ ವಯಸ್ಸಿನ ಹಠಾತ್ ಸಾವಿಗೆ ಕಾರಣಗಳು ಹಲವು: ಹೃದಯದ ಗೋಡೆ ದಪ್ಪಗಾಗುವ ವಂಶವಾಹಿ ಕಾಯಿಲೆ, ವಿದ್ಯುತ್ ಲಯದ ವಂಶವಾಹಿ ದೋಷಗಳು, ವೈರಸ್ ಜ್ವರದ ನಂತರ ಹೃದಯದ ಸ್ನಾಯು ಊದಿಕೊಳ್ಳುವುದು, ಮಿದುಳಿನ ರಕ್ತನಾಳ ಒಡೆಯುವುದು, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವುದು. ಎಷ್ಟೋ ಸಲ ಮರಣೋತ್ತರ ಪರೀಕ್ಷೆಯಲ್ಲೂ ಹೃದಯ ಮೇಲ್ನೋಟಕ್ಕೆ ಸರಿಯಾಗೇ ಕಾಣುತ್ತದೆ. ಆಗ ಬೇಕಾಗುವುದು ವಂಶವಾಹಿ ಪರೀಕ್ಷೆ. ಅದಕ್ಕೆ ರಕ್ತವನ್ನೋ ಅಂಗಾಂಶದ ತುಣುಕನ್ನೋ ಶೈತ್ಯದಲ್ಲಿ ಕಾಪಿಟ್ಟಿರಬೇಕು. ಅಂಗಾಂಶ ಕೊಳೆಯದಂತೆ ಇಡುವ ಫಾರ್ಮಲಿನ್ ದ್ರಾವಣದಲ್ಲಿ ಮುಳುಗಿಸಿದರೆ ಡಿಎನ್‌ಎ ಕೆಡುತ್ತದೆ. ಇದನ್ನು ಆ ಹೊತ್ತಿನಲ್ಲಿ ಮನೆಯವರಿಗೆ ಮೆಲ್ಲಗೆ ಹೇಳಬಲ್ಲ ಒಬ್ಬ ವೈದ್ಯರು ನಿಮ್ಮ ಮಂಡಳಿಯಲ್ಲೇ ಇದ್ದಾರೆ. ಹೂಗುಚ್ಛಕ್ಕಿಂತ ಆ ಒಂದು ಮಾತು ಹೆಚ್ಚಿನ ಉಪಕಾರವಾಗುತ್ತಿತ್ತು. ಈಗಲೂ ತಡವಾಗಿಲ್ಲ: ಅವನ ತಂದೆ, ತಾಯಿ, ತಂಗಿ ಮೂವರೂ ಹೃದ್ರೋಗ ತಜ್ಞರನ್ನು ಕಂಡು ಇಸಿಜಿ, ಎಕೋ ಮಾಡಿಸಿಕೊಳ್ಳುವುದು ಅಗತ್ಯ. ಜೊತೆಗೆ ಹೋಗಲು ಒಬ್ಬರನ್ನು ಕಳಿಸಿ.

ಸ್ವಯಂಸೇವಕರ ನೋಂದಣಿ ಫಾರಂನಲ್ಲಿ ಟೀ ಶರ್ಟಿನ ಅಳತೆ ಕೇಳುತ್ತೀರಿ. ಅದರ ಕೆಳಗೆ ಇನ್ನೆರಡು ಪ್ರಶ್ನೆ ಸೇರಿಸಿ. ಓಡುವಾಗ, ಭಾರ ಎತ್ತುವಾಗ ಅಥವಾ ಬೆಚ್ಚಿಬಿದ್ದಾಗ ಎಂದಾದರೂ ಎಚ್ಚರ ತಪ್ಪಿದ್ದುಂಟೇ? ಮನೆತನದಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಕಾರಣ ತಿಳಿಯದೆ ಹಠಾತ್ತನೆ ತೀರಿಕೊಂಡಿದ್ದಾರೆಯೇ? ‘ಹೌದು’ ಎಂದವರನ್ನು ಹೊರಗಿಡುವುದಕ್ಕಲ್ಲ, ಒಂದು ಇಸಿಜಿ ಮಾಡಿಸಿ ಎಂದು ಹೇಳುವುದಕ್ಕೆ. ಜ್ವರ ಬಿಟ್ಟ ಮರುದಿನವೇ ಮಂಚ, ಟೇಬಲ್ ಹೊರಲು ಬರುವವರನ್ನು ‘ಎಂಥ ಶ್ರದ್ಧೆ’ ಎಂದು ಬೆನ್ನು ತಟ್ಟಬೇಡಿ, ಮನೆಗೆ ಕಳಿಸಿ.

ಮೂರನೆಯದು, ಮತ್ತು ನಮಗೆ ಅತಿ ನೋವಿನದು, ಅವನ ಫೋನು. ಸಂಘದ ಪೋಸ್ಟರು, ಆಸ್ಪತ್ರೆಯ ಗೋಡೆ, ಬ್ಲಡ್ ಬ್ಯಾಂಕಿನ ಕಿಟಕಿ ಎಲ್ಲ ಕಡೆ ಇರುವುದು ಅವನ ಸ್ವಂತ ನಂಬರ್. ಅದು ಇಂದಿಗೂ ರಿಂಗಾಗುತ್ತಿದೆ. ಎತ್ತುವವರು ಅವನ ತಾಯಿ. ‘ಪ್ಲೇಟ್‌ಲೆಟ್ ಬೇಕಿತ್ತು, ಬಿ ನೆಗೆಟಿವ್, ಅರ್ಜೆಂಟ್’ ಎಂದು ಆಚೆ ಕಡೆಯವರು ಅಳುತ್ತಿರುತ್ತಾರೆ. ಮಗ ಇಲ್ಲ ಎಂದು ಈಚೆ ಕಡೆ ಇವರು ಹೇಳಬೇಕು. ಕೆಲವು ದಿನಗಳಿಂದ ಅವರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುಂಪು, ವಾರ್ಡು, ಕರೆ ಮಾಡಿದವರ ನಂಬರ್ ಬರೆದುಕೊಂಡು ನಮ್ಮಲ್ಲಿ ಯಾರಿಗಾದರೂ ತಿಳಿಸುತ್ತಿದ್ದಾರೆ. ಸಂಘದ ರಾತ್ರಿ ಪಾಳಿ ಈಗ ನಡೆಯುತ್ತಿರುವುದು ಹೀಗೆ.

ಕರೆಗಳು ರಾತ್ರಿಯಲ್ಲೂ ಏಕೆ ಬರುತ್ತವೆ ಎಂಬುದು ನಿಮಗೆ ತಿಳಿದದ್ದೇ. ಕೆಂಪು ರಕ್ತಕಣವನ್ನು ಫ್ರಿಜ್ಜಿನಲ್ಲಿ 35ರಿಂದ 42 ದಿನ ಇಡಬಹುದು. ಪ್ಲೇಟ್‌ಲೆಟ್ ಹಾಗಲ್ಲ: 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡಿಸುತ್ತಲೇ ಇಟ್ಟರೂ ಅದರ ಆಯಸ್ಸು ಸಾಮಾನ್ಯವಾಗಿ 5 ದಿನ. ಕೂಡಿಡಲಾಗದ ವಸ್ತುವಿಗೆ ಮನುಷ್ಯನನ್ನೇ ಕರೆಸಬೇಕು. ಯಂತ್ರದಿಂದ ಪ್ಲೇಟ್‌ಲೆಟ್ ಕೊಡುವವನಿಗೆ ದಪ್ಪ ನರ ಬೇಕು, ಒಂದೂವರೆ ಗಂಟೆಯಷ್ಟು ಮಲಗುವ ತಾಳ್ಮೆ ಬೇಕು, ಆ ಹಿಂದಿನ ಕೆಲವು ದಿನ ಆಸ್ಪಿರಿನ್ ನುಂಗಿರಬಾರದು. ಯಾರ ನರ ಸಿಗುತ್ತದೆ, ಯಾರಿಗೆ ನಡುರಾತ್ರಿ ಕರೆದರೆ ಸಿಟ್ಟು ಬರುವುದಿಲ್ಲ, ಯಾರ ಹೆಂಡತಿಗೆ ಈಗ ಹೆರಿಗೆಯ ದಿನ, ಯಾರು ಕಳೆದ ವಾರ ಹಲ್ಲು ಕೀಳಿಸಿದ್ದಾರೆ: ಇಷ್ಟೂ ಅವನಿಗೆ ಗೊತ್ತಿತ್ತು. ಪಟ್ಟಿ ತಲೆಯಲ್ಲಿತ್ತು ಎಂದು ನೀವು ಕೊಂಡಾಡಿದ್ದು ಇದನ್ನೇ. ಎಕ್ಸೆಲ್ ಶೀಟಿಗೆ ‘ಕೊನೆಯ ದಾನದ ದಿನಾಂಕ’, ‘ರಾತ್ರಿ ಕರೆಯಬಹುದೇ’, ‘ಈಗ ಕರೆಯಬಾರದು, ಕಾರಣ’ ಎಂಬ ಮೂರು ಕಾಲಂ ಸೇರಿಸಿ, ಪ್ರತಿ ಕರೆಯ ನಂತರ ತುಂಬಿಸುವಂತೆ ಮಾಡಿದ್ದರೆ ಆ ತಿಳಿವಳಿಕೆಯ ಮುಕ್ಕಾಲು ಪಾಲು ಇವತ್ತು ಉಳಿಯುತ್ತಿತ್ತು.

ಉಳಿದದ್ದನ್ನು ಉಳಿಸಿಕೊಳ್ಳುವ ದಾರಿಯಾದರೂ ಸರಿಯಿರಲಿ. ‘ಅವನ ಫೋನ್ ಕೊಡಿಸಿ, ಪಾಸ್‌ವರ್ಡ್ ಹುಡುಕೋಣ’ ಎಂದು ಒಬ್ಬ ಪದಾಧಿಕಾರಿ ಮೂರನೇ ದಿನಕ್ಕೇ ಮನೆಗೆ ಹೋದದ್ದು ತಪ್ಪು. ಫೋನು ಮನೆಯವರದು. ಅದರಲ್ಲಿ ಅವನ ಬದುಕಿದೆ, ಜೊತೆಗೆ ನೂರಾರು ದಾನಿಗಳ ಆರೋಗ್ಯದ ಗುಟ್ಟೂ ಇದೆ. ಮನೆಯವರೊಬ್ಬರು ಪಕ್ಕದಲ್ಲಿ ಕೂತು, ದಾನಿಗಳ ಪಟ್ಟಿಯನ್ನಷ್ಟೇ ತೆಗೆದುಕೊಟ್ಟರೆ ಸಾಕು. ಸಿಮ್ ಅನ್ನು ಅವಸರದಲ್ಲಿ ಬಂದ್ ಮಾಡಿಸಬೇಡಿ ಎಂದೂ ಅವರಿಗೆ ತಿಳಿಸಿ. ಬ್ಯಾಂಕು, ಮೇಲ್, ಎಲ್ಲದರ ಓಟಿಪಿ ಬರುವುದು ಅದಕ್ಕೇ. ಬಂದ್ ಆದ ನಂಬರ್ ಮುಂದೆ ಬೇರೆಯವರ ಪಾಲಾದರೆ ಓಟಿಪಿಯೂ ಅವರ ಪಾಲು. 120 ದಿನ ಬಳಸದ ವಾಟ್ಸ್‌ಆ್ಯಪ್ ಖಾತೆ ಸಾಮಾನ್ಯವಾಗಿ ತಾನಾಗಿ ಅಳಿಯುತ್ತದೆ. ಒಂದು ದಿನ ನಮ್ಮೆಲ್ಲರ ಗ್ರೂಪಿನಲ್ಲಿ ಅವನ ಹೆಸರಿನ ಮುಂದೆ ಗ್ರೂಪ್ ತೊರೆದಿದ್ದಾರೆ ಎಂಬ ಬೂದು ಸಾಲು ಕಾಣಿಸುತ್ತದೆ. ಎಳೆಯ ಹುಡುಗ ಹುಡುಗಿಯರಿಗೆ ಅದನ್ನು ಮುಂಚೆಯೇ ಹೇಳಿಟ್ಟಿರಿ. ಅವನೊಬ್ಬನೇ ಅಡ್ಮಿನ್ ಆಗಿರುವ ಗ್ರೂಪುಗಳಿಗೆ ಬದಲಿ ಗ್ರೂಪು ಈಗಲೇ ಮಾಡಿಕೊಳ್ಳಿ.

ನೋಂದಣಿಯ ಗೂಗಲ್ ಫಾರಂ ಅವನ ಖಾಸಗಿ ಖಾತೆಯಲ್ಲಿದೆ. ಎರಡು ವರ್ಷ ಬಳಕೆಯಿಲ್ಲದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಒಡೆಯನ ಖಾತೆ ಹೋದರೆ ಫಾರಂ, ಶೀಟು ಎರಡೂ ಹೋಗುತ್ತವೆ. ತಿದ್ದುವ ಅನುಮತಿ ಇರುವ ಯಾರಾದರೂ ಇವತ್ತೇ ಸಂಘದ ಖಾತೆಗೆ ಪ್ರತಿ ಮಾಡಿಕೊಳ್ಳಬಹುದು, ಪಾಸ್‌ವರ್ಡ್ ಬೇಕಿಲ್ಲ. ಆದರೆ ಹೊಸ ಪ್ರತಿಗೆ ಹೊಸ ಕೊಂಡಿ ಬರುತ್ತದೆ. ಪೋಸ್ಟರಿನಲ್ಲಿ ಅಚ್ಚಾದ ಕ್ಯೂಆರ್ ಚೌಕ ಹಳೆಯದಕ್ಕೇ ಕರೆದೊಯ್ಯುತ್ತದೆ, ಅಚ್ಚಾದ ಮೇಲೆ ಅದನ್ನು ತಿದ್ದಲಾಗದು. ಇನ್ನು ಮುಂದೆ ಅಚ್ಚು ಹಾಕಿಸುವ ಕೊಂಡಿ ಸಂಘದ ಸ್ವಂತ ಜಾಲತಾಣದ ವಿಳಾಸವಾಗಿರಲಿ. ಅಲ್ಲಿಂದ ಯಾವ ಫಾರಂಗೆ ಬೇಕಾದರೂ ತಿರುಗಿಸಿಕೊಳ್ಳಬಹುದು. ಅವನ ಫೇಸ್‌ಬುಕ್ ಖಾತೆಯನ್ನು ಸ್ಮರಣೆಯ ಖಾತೆಯಾಗಿ ಮಾಡಿಸುವುದು ಬಿಡುವುದು ಮನೆಯವರಿಗೆ ಸೇರಿದ್ದು. ಮಾಡಿಸಿದರೆ ಹುಟ್ಟುಹಬ್ಬದ ನೆನಪೋಲೆಗಳು ಎಲ್ಲರಿಗೂ ಹೋಗುವುದು ನಿಲ್ಲುತ್ತದೆ. ಅವನ ಖಾತೆಯಿಂದ ಸಂಘದ ಪ್ರಕಟಣೆ ಹಾಕುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಸತ್ತವನ ಹೆಸರಿನಿಂದ ‘ನಾಳೆ ಶಿಬಿರ, ಎಲ್ಲರೂ ಬನ್ನಿ’ ಎಂದು ಬಂದ ಸಂದೇಶ ಓದಿ ಎಷ್ಟು ಜನ ಬೆಚ್ಚಿಬಿದ್ದರೆಂದು ಅದನ್ನು ಕಳಿಸಿದವರಿಗೆ ತಿಳಿದಿರಲಿಕ್ಕಿಲ್ಲ.

ಈಗ ಸ್ಮರಣೆಯ ಯೋಜನೆಗಳು. ವರ್ಷದಲ್ಲಿ ಅತಿ ಹೆಚ್ಚು ಶಿಬಿರಕ್ಕೆ ಬಂದ ಸ್ವಯಂಸೇವಕನಿಗೆ ಅವನ ಹೆಸರಿನಲ್ಲಿ ಪ್ರಶಸ್ತಿ ಎಂದು ಘೋಷಿಸಿದ್ದೀರಿ. ಇದನ್ನು ನಾವು ವಿರೋಧಿಸುತ್ತೇವೆ. ಒಬ್ಬನ ಮೇಲೇ ಎಲ್ಲ ಹೊರೆ ಹಾಕಿದ ಅಭ್ಯಾಸಕ್ಕೆ ಪದಕ ತೊಡಿಸಿದ ಹಾಗೆ ಅದು. ಅವನ ಜಾಗಕ್ಕೆ 20 ವರ್ಷದ ಇನ್ನೊಬ್ಬಳು ಹುಡುಗಿ ಆಗಲೇ ಸಿಕ್ಕಿಬಿದ್ದಿದ್ದಾಳೆ. ಈಗ ಅವಳ ನಂಬರ್ ಕೊಡುತ್ತಿದ್ದೀರಿ, ಅವಳೂ ಬೇಡ ಎನ್ನಲಾರಳು.

ಮೊದಲ ವರ್ಷದ ದಿನ ಒಂದೇ ಕಡೆ 500 ಯೂನಿಟ್ ಸಂಗ್ರಹಿಸುವ ಬೃಹತ್ ಶಿಬಿರವೂ ಅಷ್ಟೇ. ಈ ಮಾತನ್ನು ನಿಮಗೆ ಹೇಳಬೇಕಾಗಿ ಬಂದದ್ದೇ ವಿಚಿತ್ರ. ಒಂದೇ ದಿನ ಬಂದ ರಕ್ತದ ಅವಧಿಯೂ ಎಲ್ಲ ಒಟ್ಟಿಗೇ ಮುಗಿಯುತ್ತದೆ. ಬೇಡಿಕೆ ಮೀರಿದ್ದು ಚೆಲ್ಲಬೇಕಾಗುತ್ತದೆ. ಜೊತೆಗೆ ಆ 500 ದಾನಿಗಳೂ ಮುಂದಿನ ಕೆಲವು ತಿಂಗಳು ಯಾರಿಗೂ ಸಿಗುವುದಿಲ್ಲ. ಅವನು ಅಂಥ ಶಿಬಿರಗಳ ವಿರುದ್ಧ ಬಾಯಿ ನೋಯುವಷ್ಟು ವಾದಿಸಿದ್ದು ನಿಮ್ಮ ಸಭೆಗಳ ನಡಾವಳಿ ಪುಸ್ತಕದಲ್ಲೇ ಇದೆ. ಅವನ ಹೆಸರಿನಲ್ಲೇ ಮಾಡಬೇಕೆಂದಿದ್ದರೆ ಹನ್ನೆರಡು ತಿಂಗಳಿಗೆ ಹಂಚಿ, ಬ್ಲಡ್ ಬ್ಯಾಂಕ್ ಕೇಳಿದ ಗುಂಪಿನವರನ್ನಷ್ಟೇ ಕರೆಯಿರಿ. ದುಃಖದ ಭರದಲ್ಲಿ ನಿದ್ದೆಯಿಲ್ಲದೆ, ಉಪವಾಸ ಬಂದು ಸಾಲಿನಲ್ಲಿ ನಿಂತ ಗೆಳೆಯರಿಂದ ಅವತ್ತು ರಕ್ತ ತೆಗೆಯಬೇಡಿ, ತಲೆಸುತ್ತಿ ಬೀಳುವವರಲ್ಲಿ ಅಂಥವರೇ ಹೆಚ್ಚು.

ಸಂಘಗಳು ತಮ್ಮ ಎಳೆಯರನ್ನು ಬೇರೆ ರೀತಿಯಲ್ಲೂ ನೆನೆದದ್ದುಂಟು. ಸ್ವಯಂಸೇವಕರೇ ಕಟ್ಟುವ ಡೆಬಿಯನ್ ಎಂಬ ಮುಕ್ತ ತಂತ್ರಾಂಶದ ಕೆಲಸಗಾರ ಜೋಯಲ್ ಕ್ಲೆಕರ್ 2000ದ ಜುಲೈನಲ್ಲಿ, 21ನೇ ವಯಸ್ಸಿನಲ್ಲಿ ತೀರಿಕೊಂಡ. ಸ್ನಾಯು ಕ್ಷಯಿಸುವ ರೋಗದಿಂದ ಹಾಸಿಗೆ ಹಿಡಿದೇ ಅವನು ಅಷ್ಟೂ ಕೆಲಸ ಮಾಡಿದ್ದನೆಂಬುದು ಜೊತೆಗಾರರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಮರುತಿಂಗಳು ಬಿಡುಗಡೆಯಾದ 2.2 ಆವೃತ್ತಿಯನ್ನು ಅವನಿಗೆ ಅರ್ಪಿಸಿದರು. ಅವನು ಯಾವ ಕೆಲಸ ಮಾಡುತ್ತಿದ್ದನೋ ಅದೇ ಕೆಲಸದ ಮೇಲೆ ಅವನ ಹೆಸರು ಕೂತಿತು. ನಮ್ಮ ಹುಡುಗನೂ ಹಾಗೊಂದು ಕೆಲಸ ಬಿಟ್ಟುಹೋಗಿದ್ದಾನೆ. ಮೊದಲ ಸಲ ರಕ್ತ ಕೊಡುವವರಿಗೆಂದು ಅವನು ಬರೆದ ಒಂದು ಪುಟದ ಕರಪತ್ರ ಎಲ್ಲ ಶಿಬಿರದಲ್ಲೂ ಹಂಚುತ್ತಿದ್ದೀರಿ, ಅದರ ಮೇಲೆ ಇರುವುದು ಅಧ್ಯಕ್ಷರ ಹೆಸರು. ಮನೆಯವರು ಒಪ್ಪಿದರೆ ಬರೆದವನ ಹೆಸರು ಹಾಕಿ.

ಹಣದ ವಿಷಯ ಚುಟುಕಾಗಿ ಹೇಳುತ್ತೇವೆ. ಅವನ ಚೀಲದಲ್ಲಿ ಪೆಟ್ರೋಲು, ಪ್ರಿಂಟು, ಬಾಡಿಗೆ ಗಾಡಿಯ ರಸೀತಿಗಳ ಕಟ್ಟು ಸಿಕ್ಕಿದೆ. ಅದನ್ನು ಕೂಡಿ, ಬಾಕಿ ಎಂದು ಬರೆದು ಮನೆಯವರಿಗೆ ತಲುಪಿಸಿ. ‘ಸಹಾಯಧನ’ ಎಂದು ಬರೆದು ವೇದಿಕೆಯ ಮೇಲೆ ಕೊಡಬೇಡಿ. ಅವನ ಹೆಸರಿನಲ್ಲಿ ಬಂದ ದೇಣಿಗೆಗೆ ಪ್ರತ್ಯೇಕ ಖಾತೆ ಇರಲಿ, ಲೆಕ್ಕ ಮನೆಯವರಿಗೂ ಸಿಗಲಿ. ಸ್ವಯಂಸೇವಕರಿಗೆ ಅಪಘಾತ ವಿಮೆ ಮಾಡಿಸುವುದಾಗಿ ಹೇಳಿದ್ದೀರಿ. ಹೃದಯ ಸ್ತಂಭನದಂಥ ಸಹಜ ಸಾವು ಸಾಮಾನ್ಯವಾಗಿ ಅಪಘಾತ ವಿಮೆಯೊಳಗೆ ಬರುವುದಿಲ್ಲ. ಗುಂಪು ಜೀವವಿಮೆಯನ್ನೂ ಕೇಳಿ ನೋಡಿ, ಸಹಿ ಹಾಕುವ ಮುನ್ನ ಷರತ್ತು ಓದಿ.

ಮುಂದಿನ ಶಿಬಿರಕ್ಕೆ ಮೊದಲು ನಾವು ಕೇಳುವುದು ಇಷ್ಟು. ಎಇಡಿ ಇಲ್ಲದ, ಇದ್ದರೂ ಬೀಗ ತೆಗೆಯದ ಸಭಾಂಗಣದಲ್ಲಿ ಶಿಬಿರ ಬೇಡ. ಬೆಳಿಗ್ಗೆಯೇ ನಾಲ್ವರ ಹೆಸರು ಫಲಕದ ಮೇಲೆ ಬರೆಯಬೇಕು: ಒತ್ತುವವರು, ಆಂಬುಲೆನ್ಸಿಗೆ ಕರೆ ಮಾಡಿ ಫೋನ್ ಸ್ಪೀಕರಿನಲ್ಲಿಡುವವರು, ಯಂತ್ರ ತರುವವರು, ಗೇಟಿನಲ್ಲಿ ನಿಂತು ಆಂಬುಲೆನ್ಸಿಗೆ ದಾರಿ ತೋರಿಸುವವರು. ರಾತ್ರಿ ಕರೆಗೆ ವಾರಕ್ಕೆ ಇಬ್ಬರಂತೆ ಸರದಿ, ಒಬ್ಬರಿಗೆ ತಿಂಗಳಲ್ಲಿ ಒಂದು ವಾರ ಮೀರದಂತೆ. ಆ ಸರದಿಯಲ್ಲಿ ಆಡಳಿತ ಮಂಡಳಿಯವರ ಹೆಸರೂ ಇರಬೇಕು. ಎದೆ ಒತ್ತಿದ ಆ ಮೂವರನ್ನು ನಿಮ್ಮಲ್ಲಿ ಒಬ್ಬರು ಮನೆಗೇ ಹೋಗಿ ಕಾಣಬೇಕು.

ಇದಕ್ಕೆಲ್ಲ ಸಮಯ ಬೇಕೆಂದರೆ ತೆಗೆದುಕೊಳ್ಳಿ. ಒಂದು ಕೆಲಸ ಮಾತ್ರ ನಾಳೆಗೆ ನಿಲ್ಲುವಂಥದ್ದಲ್ಲ. ಸಂಘದ ಹೆಸರಿನಲ್ಲಿ ಒಂದು ಸಿಮ್ ತೆಗೆದು, ಅವನ ನಂಬರಿಗೆ ಬರುವ ಕರೆಗಳನ್ನು, ಮನೆಯವರು ಒಪ್ಪಿದರೆ, ಅದಕ್ಕೆ ಫಾರ್ವರ್ಡ್ ಮಾಡಿಸಿ. ಆಸ್ಪತ್ರೆಯ ಗೋಡೆ, ಬ್ಲಡ್ ಬ್ಯಾಂಕಿನ ಕಿಟಕಿಯಲ್ಲಿರುವ ಪೋಸ್ಟರಿನ ಮೇಲೆ ಹೊಸ ನಂಬರಿನ ಚೀಟಿ ಅಂಟಿಸಲು ಅಂಟು, ಕತ್ತರಿ ಹಿಡಿದು ನಾವು ಬರುತ್ತೇವೆ. ಸಿಮ್ಮಿನ ಅರ್ಜಿಗೆ ಸಂಘದ ಮೊಹರು, ಕಾರ್ಯದರ್ಶಿಗಳ ಸಹಿ ಬೇಕು. ಅವೆರಡು ನಿಮ್ಮ ಬಳಿ ಇವೆ. ಇವತ್ತು ರಾತ್ರಿಯೂ ಆ ಫೋನ್ ರಿಂಗಾಗುತ್ತದೆ.

ಇಂತಿ,
ಶಿಬಿರಗಳಲ್ಲಿ ಅವನ ಜೊತೆ ಕೆಲಸ ಮಾಡಿದ ಸ್ವಯಂಸೇವಕರು